ಎರಡನೆಯ ಕೂಗು

ಇಸ್ಪೀಟಾಟವೆಂದೊಡನೆ ಹುಬ್ಬು ಗಂಟಿಕ್ಕುವ ಹಿರಿಯರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ಅವರ ಕೋಪ ಅಕಾರಣವಾದುದಲ್ಲ. ಎಲೆಗಳ ಜೊತೆಗೆ ಹಣವೂ ಚಾಪೆಯ ಮೇಲೆ ಬಂದು ಕುಳಿತಾಗ ಎಷ್ಟೋ ಸಂಸಾರಗಳು ಬೀದಿಗೆ ಬಿದ್ದುದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಆದರೆ ಅದೇ 52 ಎಲೆಗಳಿಂದ ಆಡುವ ಬ್ರಿಜ್ ಎಂಬ ಆಟದ ಮರ್ಯಾದೆಯೇ ಬೇರೆ. 2018ರಲ್ಲಿ ಜಕಾರ್ತದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಈ ಆಟದ ಪುರುಷರ ಜೋಡಿ ವಿಭಾಗದ ಚಿನ್ನದ ಪದಕವನ್ನು ಭಾರತಕ್ಕೆ ತಂದುಕೊಟ್ಟವರು ಪ್ರಣಬ್ ಬರ್ಧನ್ ಮತ್ತು ಶಿಬ್‌ನಾಥ್ ಸರ್ಕಾರ್. ಮೊದಲನೆಯವರಿಗೆ ಆಗ 60 ವರ್ಷ, ಎರಡನೆಯವರಿಗೆ 56. ಓಟಗಾರರೂ ಜಟ್ಟಿಗಳೂ ನೆರೆದ ಆ ಕೂಟದಲ್ಲಿ ಇಬ್ಬರು ಮಧ್ಯವಯಸ್ಕರು ಕುರ್ಚಿಯ ಮೇಲೆ ಕುಳಿತೇ ಚಿನ್ನ ಗೆದ್ದರೆಂಬುದನ್ನು ನೆನೆದಾಗ ನನ್ನಂಥ ಸೋಮಾರಿಗಳಿಗೆ ಸ್ವಲ್ಪ ಧೈರ್ಯ ಬರುತ್ತದೆ.

ನಮ್ಮ ಕರಾವಳಿ, ಮಲೆನಾಡುಗಳ ಕಡೆಯವರಿಗೆ ಇಪ್ಪತ್ತೆಂಟರ ಆಟವನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಅಲ್ಲಿಯೂ ಎದುರುಬದುರು ಕುಳಿತವರು ಜೊತೆಗಾರರು. ಅಲ್ಲಿಯೂ ಆಟಕ್ಕೆ ಮುನ್ನ ಹರಾಜಿನ ಕೂಗು. ಆದರೆ ಆ ಆಟದ ಸೊಗಸೆಲ್ಲ ಮುಚ್ಚಿಡುವುದರಲ್ಲಿದೆ. ಕೂಗು ಗೆದ್ದವನು ತುರುಪಿನ ಎಲೆಯನ್ನು ಕವುಚಿ ಇಟ್ಟುಬಿಡುತ್ತಾನೆ. ಬ್ರಿಜ್ಜಿನಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಕೂಗುವುದೆಂದರೆ ತನ್ನ ಕೈಯಲ್ಲಿರುವುದನ್ನು ಜೊತೆಗಾರನಿಗೆ ಬಿಚ್ಚಿ ಹೇಳುವುದು. ಅದನ್ನು ಎದುರಾಳಿಗಳೂ ಕೇಳಿಸಿಕೊಳ್ಳಲಿ, ಚಿಂತೆಯಿಲ್ಲ. ಕಣ್ಸನ್ನೆ, ದನಿಯ ಏರಿಳಿತ ಯಾವುದೂ ಸಲ್ಲದು. ಈಗಿನ ಸ್ಪರ್ಧೆಗಳಲ್ಲಿ ಬಾಯಿಂದ ಕೂಗುವುದೂ ಇಲ್ಲ. ಪಕ್ಕದ ಪೆಟ್ಟಿಗೆಯಿಂದ ಅಚ್ಚು ಹಾಕಿದ ಚೀಟಿಯನ್ನು ತೆಗೆದು ಮೇಜಿನ ಮೇಲೆ ಇಡುತ್ತಾರೆ. ಆದರೂ ಅದನ್ನು ಕೂಗು ಎಂದೇ ಕರೆಯೋಣ.

ಆಟದ ನಿಯಮ ಸರಳವಾದುದು. ಒಬ್ಬೊಬ್ಬರಿಗೆ 13 ಎಲೆ. ಆದ್ದರಿಂದ ಗೆಲ್ಲಲು 13 ಸುತ್ತುಗಳು. ಕೂಗಿನ ಸಂಖ್ಯೆಗೆ ಆರನ್ನು ಕೂಡಿಸಿದರೆ ಗೆಲ್ಲುವೆವೆಂದು ಒಪ್ಪಿಕೊಂಡ ಸುತ್ತುಗಳು ಬರುತ್ತವೆ: ‘1 ಡೈಮನ್’ ಎಂದರೆ ಡೈಮನ್ ತುರುಪಾಗಿ ಏಳು ಸುತ್ತು, ‘3 ಡೈಮನ್’ ಎಂದರೆ ಒಂಬತ್ತು. ಕಳಾವರ್, ಡೈಮನ್, ಆಟೀನ್, ಇಸ್ಪೇಟ್ ಎಂಬುದು ಏರುವ ಕ್ರಮ. ಎಲ್ಲಕ್ಕೂ ಮೇಲೆ ತುರುಪಿಲ್ಲದ ಆಟ, ನೋಟ್ರಂಪ್. ಒಂದರಿಂದ ಏಳರವರೆಗೆ ಲೆಕ್ಕ ಹಾಕಿದರೆ ಒಟ್ಟು 35 ಕೂಗುಗಳಾದುವು. ಒಬ್ಬ ಆಟಗಾರನಿಗೆ ಬರಬಹುದಾದ ಹದಿಮೂರು ಎಲೆಗಳ ಕೈಗಳಾದರೋ 63,501 ಕೋಟಿಗೂ ಮಿಕ್ಕು! ಮೂವತ್ತೈದೇ ಪದಗಳ ನಿಘಂಟಿನಿಂದ ಇಷ್ಟು ಅರ್ಥಗಳನ್ನು ಹೊರಡಿಸಬೇಕು. ಭಾಷೆಯ ಮೇಷ್ಟ್ರಾದ ನಾನು ಈ ಆಟಕ್ಕೆ ಸಿಕ್ಕಿಬಿದ್ದುದು ಇಲ್ಲಿಯೇ.

ಕೈಯ ಬಲವನ್ನು ಅಳೆಯಲು ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಎಂದು ಅಂಕ ಹಾಕುತ್ತಾರೆ. ಅಮೆರಿಕದ ಮಿಲ್ಟನ್ ವರ್ಕ್ ಪ್ರಚಾರ ಮಾಡಿದ ಈ ಲೆಕ್ಕವನ್ನು ಚಾರ್ಲ್ಸ್ ಗೋರೆನ್ 1949ರ ತನ್ನ ಪುಸ್ತಕದಿಂದ ಮನೆಮಾತಾಗಿಸಿದ. ಇಡೀ ಕಟ್ಟಿನಲ್ಲಿ 40 ಅಂಕಗಳಿವೆ. ಜೋಡಿಯ ಬಳಿ ಸುಮಾರು 25 ಇದ್ದರೆ 3 ನೋಟ್ರಂಪನ್ನೋ, 4 ಆಟೀನ್ ಇಲ್ಲವೆ 4 ಇಸ್ಪೇಟನ್ನೋ ಕೂಗಿ ‘ಗೇಮ್’ ಎಂಬ ದೊಡ್ಡ ಬಹುಮಾನವನ್ನು ಹಿಡಿಯಬಹುದು. ಕೂಗದೆ ಗೆದ್ದರೆ ಆ ಬಹುಮಾನವಿಲ್ಲ; ಕೂಗಿ ಸೋತರೆ ದಂಡ. 1925ರಲ್ಲಿ ಹೆರಾಲ್ಡ್ ವ್ಯಾಂಡರ್‌ಬಿಲ್ಟ್ ಎಂಬ ಧನಿಕ, ಪನಾಮಾ ಕಾಲುವೆಯ ಮಾರ್ಗವಾಗಿ ಸಾಗುತ್ತಿದ್ದ ಹಡಗಿನಲ್ಲಿ ಹಳೆಯ ಬ್ರಿಜ್ಜಿಗೆ ತೊಡಿಸಿದ ಹೊಸ ರೂಪ ಇದೇ.

ಇಷ್ಟನ್ನು ಯಾರಾದರೂ ಒಂದು ವಾರದಲ್ಲಿ ಕಲಿಯಬಹುದು. ತಿಂಗಳುಗಳು ಕಳೆದರೂ ಕೈಗೆ ಹತ್ತದ ವಿದ್ಯೆ ಇನ್ನೊಂದಿದೆ. ಆರಂಭದ ಕೂಗು ನಮ್ಮದು; ಜೊತೆಗಾರ ಉತ್ತರ ಕೊಟ್ಟಿದ್ದಾನೆ; ನಮ್ಮ ಎರಡನೆಯ ಸರದಿ ಬಂದಿದೆ. ಈಗ ಏನು ಹೇಳಬೇಕು?

‘1 ಡೈಮನ್’ ಎಂದು ಆರಂಭಿಸಿದವನ ಬಳಿ 12 ಅಂಕಗಳಿರಬಹುದು, 21 ಕೂಡ ಇರಬಹುದು. ಹನ್ನೆರಡಕ್ಕೂ ಇಪ್ಪತ್ತೊಂದಕ್ಕೂ ಗುಮಾಸ್ತನಿಗೂ ಜಹಗೀರುದಾರನಿಗೂ ಇರುವಷ್ಟು ಅಂತರ. ಮೊದಲ ಕೂಗು ಇದನ್ನು ಬಿಡಿಸಿ ಹೇಳುವುದಿಲ್ಲ. ನಮ್ಮ ಕನ್ನಡ ವಾಕ್ಯದಲ್ಲಿ ಕರ್ತೃ ಮೊದಲೇ ಬಂದು ನಿಂತರೂ ಕ್ರಿಯಾಪದ ಬರುವವರೆಗೆ ಅವನು ಬಂದನೋ ಹೋದನೋ ತಿಳಿಯದಷ್ಟೆ. ಆರಂಭಿಸಿದವನ ಎರಡನೆಯ ಕೂಗು ಆ ಕ್ರಿಯಾಪದ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ನಮ್ಮೂರ ಕ್ಲಬ್ಬಿನಲ್ಲಿ ನಿವೃತ್ತರಾದ ಗಣಿತದ ಮೇಷ್ಟ್ರೊಬ್ಬರಿದ್ದಾರೆ. ಇಪ್ಪತ್ತು ವರ್ಷ ಜೊತೆಗಾಡಿದ ಸ್ನೇಹಿತರು ತೀರಿಕೊಂಡ ಮೇಲೆ ಅವರು ಒಂದು ವರ್ಷ ಎಲೆ ಮುಟ್ಟಿರಲಿಲ್ಲ. ಯಾರೋ ಒತ್ತಾಯಿಸಿ ನನ್ನನ್ನು ಅವರೆದುರು ಕೂರಿಸಿದರು. “ಕೂಗುವುದು ಬರುತ್ತದೆಯೋ?” ಎಂದು ಕೇಳಿದರು. ಎರಡು ಪುಸ್ತಕ ಓದಿದ್ದ ನಾನು ಬರುತ್ತದೆಂದೆ.

ಆ ಭಾನುವಾರ ನನಗೆ ಬಂದ ಕೈ ಇದು: ಇಸ್ಪೇಟಿನಲ್ಲಿ 9, 2, ಆಟೀನಿನಲ್ಲಿ ಎಕ್ಕ, ಗುಲಾಮ, 8, 4, ಡೈಮನ್ನಿನಲ್ಲಿ ರಾಜ, ರಾಣಿ, 9, 6, 3, ಕಳಾವರಿನಲ್ಲಿ ರಾಜ, 7. ಒಟ್ಟು 13 ಅಂಕ. ಉದ್ದನೆಯ ಜಾತಿಯನ್ನು ಮೊದಲು ಹೇಳಬೇಕಾದ್ದರಿಂದ ‘1 ಡೈಮನ್’ ಎಂದೆ. ಮೇಷ್ಟ್ರು ‘1 ಇಸ್ಪೇಟ್’ ಎಂದರು. ನನ್ನಲ್ಲಿ ನಾಲ್ಕು ಆಟೀನುಗಳಿವೆಯಲ್ಲ, ಹೇಳದಿದ್ದರೆ ಅವರಿಗೆ ತಿಳಿಯುವುದು ಹೇಗೆ? ‘2 ಆಟೀನ್’ ಎಂಬ ಚೀಟಿಯನ್ನು ಇಟ್ಟೆ. ಸುಳ್ಳು ಹೇಳಿದೆನೆಂಬ ಸಂಶಯವೇ ನನಗೆ ಬರಲಿಲ್ಲ. ಅವರು ನೇರವಾಗಿ ‘3 ನೋಟ್ರಂಪ್’ಗೆ ಹಾರಿದರು. ಮುಂದಿನ ಮೂವರೂ ಪಾಸ್ ಎಂದೆವು.

ನೋಟ್ರಂಪನ್ನು ಕೂಗಿದವರು ಅವರಾದ್ದರಿಂದ ಆಟ ಅವರದು. ಎದುರಾಳಿ ಮೊದಲ ಎಲೆ ಹಾಕಿದೊಡನೆ ನನ್ನ ಎಲೆಗಳನ್ನೆಲ್ಲ ಮೇಜಿನ ಮೇಲೆ ಬಿಡಿಸಿಟ್ಟು ನಾನು ಸುಮ್ಮನಿರಬೇಕು. ಹಾಗೆ ಬಿಡಿಸಿಟ್ಟಾಗ ಜೊತೆಗಾರ ಧನ್ಯವಾದ ಹೇಳುವುದು ಈ ಆಟದ ಶಿಷ್ಟಾಚಾರ. ಮೇಷ್ಟ್ರು ಧನ್ಯವಾದ ಎಂದರು. ಎಲೆಯ ಕಡೆಗೆ ಚಾಚಿದ ಅವರ ಕೈ ಅಲ್ಲಿಯೇ ನಿಂತಿತು. ನನ್ನ ಹದಿಮೂರು ಎಲೆಗಳನ್ನು ಅವರು ಎಡದಿಂದ ಬಲಕ್ಕೆ ಒಮ್ಮೆ, ಬಲದಿಂದ ಎಡಕ್ಕೆ ಇನ್ನೊಮ್ಮೆ ನೋಡಿದರು. ಒಂಬತ್ತು ಸುತ್ತು ಬೇಕಾಗಿದ್ದಲ್ಲಿ ಏಳು ಬಂದುವು. 100 ಅಂಕ ದಂಡ. ಅದೇ ಎಲೆಗಳನ್ನೇ ಆಡುತ್ತಿದ್ದ ಉಳಿದ ಮೇಜುಗಳಲ್ಲಿ 1 ನೋಟ್ರಂಪಿಗೆ ನಿಂತವರು ಅದೇ ಏಳು ಸುತ್ತು ಗೆದ್ದು 90 ಅಂಕ ಸಂಪಾದಿಸಿದ್ದರು.

“ನಾಲ್ಕು ಆಟೀನ್ ಇದ್ದುವು, ನಿಜ. ಹದಿನೇಳು ಅಂಕ ಎಲ್ಲಿತ್ತು, ಕನ್ನಡ ಮೇಷ್ಟ್ರೇ?” ಎಂದು ಮಾತ್ರ ಕೇಳಿದರು. ಮುಂದಿನ ಭಾನುವಾರ ಅವರು ಕ್ಲಬ್ಬಿಗೆ ಬರಲಿಲ್ಲ.

ಹದಿನೇಳು ಎಲ್ಲಿಂದ ಬಂತೆಂಬುದನ್ನು ವಾಚಕರು ಸ್ವಲ್ಪ ತಾಳ್ಮೆಯಿಂದ ನೋಡಬೇಕು. ಇಡೀ ವಿದ್ಯೆಯ ಕೀಲು ಇಲ್ಲಿದೆ. ನಾನು ಮೊದಲು ಆಟೀನ್, ಆಮೇಲೆ ‘2 ಡೈಮನ್’ ಎಂದಿದ್ದೆನೆನ್ನಿ. ಜೊತೆಗಾರನಿಗೆ ಮೊದಲ ಜಾತಿಯೇ ಹಿತವಾದರೆ ‘2 ಆಟೀನ್’ ಎಂದು ಹಿಂತಿರುಗಬಹುದು. ಎಂಟು ಸುತ್ತಿನ ಹೊಣೆ ಅಷ್ಟೆ. ಆದರೆ ಮೊದಲು ಡೈಮನ್, ಆಮೇಲೆ ಅದಕ್ಕಿಂತ ಮೇಲಿನ ಆಟೀನನ್ನು ಎರಡರ ಮಟ್ಟದಲ್ಲಿ ಕೂಗಿದರೆ, ಡೈಮನ್ನಿಗೆ ಹಿಂತಿರುಗಬೇಕಾದ ಜೊತೆಗಾರ ‘3 ಡೈಮನ್’ಗೆ ಹತ್ತಲೇಬೇಕು, ಒಂಬತ್ತು ಸುತ್ತಿನ ಹೊಣೆ. ಅವನ ಬಳಿ ಆರೇ ಅಂಕಗಳಿರಬಹುದು. ಹಾಗೆ ಅವನನ್ನು ಮೆಟ್ಟಿಲು ಹತ್ತಿಸುವವನ ತೋಳಿನಲ್ಲಿ ಬಲವಿರಬೇಡವೆ? ಆದ್ದರಿಂದಲೇ ‘ರಿವರ್ಸ್’ ಎಂದು ಹೆಸರಾದ ಈ ಕೂಗಿಗೆ 17 ಅಂಕಗಳಾದರೂ ಇರಬೇಕೆಂಬ ಕಟ್ಟಳೆ. ಮೇಷ್ಟ್ರ ಬಳಿ ಹತ್ತು ಅಂಕಗಳಿದ್ದುವು. ಹದಿನೇಳಕ್ಕೆ ಹತ್ತು ಸೇರಿಸಿದರೆ ಇಪ್ಪತ್ತೇಳು, ಗೇಮಿಗೆ ಧಾರಾಳ. ಅವರ ಲೆಕ್ಕ ಸರಿಯಾಗಿತ್ತು. ನನ್ನ ಮಾತು ಸರಿಯಿರಲಿಲ್ಲ. ನಾನು ಹೇಳಬೇಕಾಗಿದ್ದುದು ‘1 ನೋಟ್ರಂಪ್’: ಸಮತೂಕದ ಕೈ, 12ರಿಂದ 14 ಅಂಕ, ಹೆಚ್ಚೇನೂ ಇಲ್ಲ. ನಾಲ್ಕು ಆಟೀನ್ ಮುಚ್ಚಿಹೋಗಲಿ; ಬಡವನೆಂಬುದು ಮೊದಲು ತಿಳಿಯಬೇಕು.

ಎರಡು ವಾರಗಳ ಮೇಲೆ ಮೇಷ್ಟ್ರು ಬಂದರು. ಕೈಯಲ್ಲಿ ಗೆರೆ ಎಳೆದ ಒಂದು ಹಾಳೆ, ಅದರಲ್ಲಿ ಮೂರು ಕಂಬಸಾಲು: 12–15, 16–18, 19–21. “ಎರಡನೆಯ ಸಲ ಚೀಟಿ ತೆಗೆಯುವ ಮುನ್ನ ನಿಮ್ಮ ಕೈ ಯಾವ ಸಾಲಿನದೆಂದು ಕೇಳಿಕೊಳ್ಳಿ. ಎಲೆಗಳ ಜಾತಿ ಆಮೇಲೆ” ಎಂದರು.

ಆ ಹಾಳೆ ಈಗಲೂ ನನ್ನ ಬಳಿ ಇದೆ. ನಾವು ‘1 ಡೈಮನ್’ ಎಂದು, ಜೊತೆಗಾರ ‘1 ಇಸ್ಪೇಟ್’ ಎಂದಾಗ, ಮೊದಲ ಸಾಲಿನವನು ತಗ್ಗಿ ನಡೆಯಬೇಕು. ಆರು ಡೈಮನ್ನುಗಳಿದ್ದರೆ ‘2 ಡೈಮನ್’. ಇಸ್ಪೇಟಿನಲ್ಲಿ ನಾಲ್ಕೆಲೆಗಳ ಬೆಂಬಲವಿದ್ದರೆ ‘2 ಇಸ್ಪೇಟ್’. ಯಾವುದೂ ಇಲ್ಲದ ಸಮತೂಕಕ್ಕೆ ‘1 ನೋಟ್ರಂಪ್’. ನಡುವಿನ ಸಾಲಿನವನು ಒಂದು ಮೆಟ್ಟಿಲು ಹೆಚ್ಚು ಹಾರುತ್ತಾನೆ: ‘3 ಡೈಮನ್’, ‘3 ಇಸ್ಪೇಟ್’. ಇವು ಆಹ್ವಾನಗಳು, ಜೊತೆಗಾರನಲ್ಲಿ ಸತ್ವವಿದ್ದರೆ ಮುಂದುವರಿಯುತ್ತಾನೆ, ಇಲ್ಲದಿದ್ದರೆ ಪಾಸ್. ಸಮತೂಕದ 15ರಿಂದ 17 ಅಂಕಗಳ ಕೈಯನ್ನು ‘1 ನೋಟ್ರಂಪ್’ ಎಂದೇ ಆರಂಭಿಸುವುದು ಈಗಿನ ವಾಡಿಕೆಯಾದ್ದರಿಂದ ಅದು ಈ ಲೆಕ್ಕಕ್ಕೆ ಬರುವುದಿಲ್ಲ. ಮೂರನೆಯ ಸಾಲಿನವನು ಸಂಕೋಚಪಡಬಾರದು. ಬೆಂಬಲವಿದ್ದರೆ ನೇರವಾಗಿ ‘4 ಇಸ್ಪೇಟ್’. ಸಮತೂಕದ 18–19ಕ್ಕೆ ‘2 ನೋಟ್ರಂಪ್’. ಬೇರೊಂದು ಉದ್ದನೆಯ ಜಾತಿಯಿದ್ದರೆ ‘3 ಕಳಾವರ್’ ಎಂಬ ನೆಗೆತ. ಈ ಕೊನೆಯದನ್ನು ಕೇಳಿದ ಜೊತೆಗಾರ ಗೇಮ್ ತಲುಪುವವರೆಗೆ ಬಾಯಿ ಮುಚ್ಚುವಂತಿಲ್ಲ.

ಒಂದು ಕೂಗು ಮಾತ್ರ ಈ ಸಾಲುಗಳಿಗೆ ಸರಿಯಾಗಿ ಒಗ್ಗುವುದಿಲ್ಲ. ‘1 ಡೈಮನ್’ ಆದಮೇಲೆ ‘2 ಕಳಾವರ್’ ಎಂದರೆ 12ರಿಂದ 18ರವರೆಗೆ ಏನಾದರೂ ಇರಬಹುದು. ಇದು ಪದ್ಧತಿಯ ದೋಷವೆಂದೇ ನನ್ನ ಅಭಿಪ್ರಾಯ. ಮೇಷ್ಟ್ರು ಒಪ್ಪುವುದಿಲ್ಲ, ಅಗ್ಗದ ಕೂಗಿಗೆ ಅಷ್ಟು ಸ್ವಾತಂತ್ರ್ಯ ಬೇಕೆನ್ನುತ್ತಾರೆ.

ಜೊತೆಗಾರ ಹೊಸ ಜಾತಿ ಹೇಳದೆ ನಮ್ಮದನ್ನೇ ಎತ್ತಿ ಹಿಡಿದರೆ ಕೆಲಸ ಹಗುರ. ‘1 ಆಟೀನ್’ಗೆ ‘2 ಆಟೀನ್’ ಎಂದವನ ಬಳಿ ಆರರಿಂದ ಒಂಬತ್ತು ಅಂಕ. ಮೊದಲ ಸಾಲಿನ ಕೈಯಾದರೆ ಪಾಸ್, ನಡುವಿನದಾದರೆ ‘3’, ಮೂರನೆಯದಾದರೆ ‘4’. ಆದರೆ ಅವನು ಹೊಸ ಜಾತಿಯನ್ನು ಹೇಳಿದಾಗ ಪಾಸ್ ಎನ್ನುವ ಹಕ್ಕು ನಮಗಿಲ್ಲ. ಅವನ ಬಲ ಎಷ್ಟೆಂದು ನಮಗಿನ್ನೂ ತಿಳಿದಿಲ್ಲವಲ್ಲ.

ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ 1929ರ ಸೆಪ್ಟೆಂಬರಿನಲ್ಲಿ ನಡೆದ ಒಂದು ದುರಂತವನ್ನು ಬ್ರಿಜ್ ಆಡುವವರು ಇಂದಿಗೂ ನೆನೆಯುತ್ತಾರೆ. ಬೆನೆಟ್ ದಂಪತಿಗಳು ನೆರೆಯ ದಂಪತಿಗಳೊಡನೆ ಆಡುತ್ತಿದ್ದರು. ಗಂಡ ಜಾನ್ ‘1 ಇಸ್ಪೇಟ್’ ಎಂದ. ಹೆಂಡತಿ ಮರ್ಟಲ್ ಒಂದೇ ನೆಗೆತಕ್ಕೆ ‘4 ಇಸ್ಪೇಟ್’ ಎಂದಳು. ಗಂಡ ಆಟ ಸೋತ. ಮಾತಿಗೆ ಮಾತು ಬೆಳೆಯಿತು. ಅವನು ಅವಳ ಕೆನ್ನೆಗೆ ಹೊಡೆದ. ಅವಳು ಒಳಗಿನಿಂದ ಪಿಸ್ತೂಲು ತಂದಳು. 1931ರಲ್ಲಿ ಪಂಚರು ಅವಳನ್ನು ನಿರ್ದೋಷಿಯೆಂದರು. ‘ನನ್ನ ಕೈ ಬಡಕಲು’ ಎಂದು ಎರಡನೆಯ ಕೂಗಿನಲ್ಲಿ ಒಪ್ಪಿಕೊಳ್ಳುವ ಅವಕಾಶವೇ ಆ ಗಂಡನಿಗೆ ಸಿಗಲಿಲ್ಲ.

ಈ ಕಥೆಯನ್ನು ಕೇಳಿದ ಮೇಲೂ ನನ್ನ ಹೆಂಡತಿ ನನ್ನೊಡನೆ ಅಭ್ಯಾಸಕ್ಕೆ ಒಪ್ಪಿದಳು. ರಾತ್ರಿ ಊಟವಾದ ಮೇಲೆ ನನಗೆ ಹದಿಮೂರು ಎಲೆ ಹಾಕುತ್ತಾಳೆ. ಆರಂಭಿಸಲು ಯೋಗ್ಯವಾದ ಕೈಯಾದರೆ ಮನಸ್ಸಿಗೆ ಬಂದ ಜಾತಿಯಲ್ಲಿ ಒಂದು ಉತ್ತರ ಕೊಡುತ್ತಾಳೆ. ನಾನು ಮೊದಲು ಸಾಲನ್ನು ಹೇಳಿ ಆಮೇಲೆ ಕೂಗಬೇಕು. ಮನೆಯಲ್ಲಿ ಇಬ್ಬರಿದ್ದರೆ ಸಾಕು, ಈ ಅಭ್ಯಾಸ ನಡೆಯುತ್ತದೆ. ಹದಿನಾಲ್ಕು ಅಂಕಗಳನ್ನು ಹದಿನೇಳೆಂದು ಭಾವಿಸುವ ಚಾಪಲ್ಯ ನನ್ನಲ್ಲಿ ಎಷ್ಟಿದೆಯೆಂಬುದು ಮೇಷ್ಟ್ರಿಗಿಂತ ಮೊದಲು ಅವಳಿಗೆ ತಿಳಿಯಿತು.

ಕಳೆದ ತಿಂಗಳು ಕ್ಲಬ್ಬಿನಲ್ಲಿ ಮತ್ತೆ ಅಂಥದೇ ಸಂದರ್ಭ ಬಂದಿತು. ಇಸ್ಪೇಟಿನ ಒಂಟಿ ಆರು. ಆಟೀನಿನಲ್ಲಿ ಎಕ್ಕ, ರಾಜ, ಗುಲಾಮ, 5. ಡೈಮನ್ನಿನಲ್ಲಿ ಎಕ್ಕ, ರಾಣಿ, ಗುಲಾಮ, 7, 4. ಕಳಾವರಿನಲ್ಲಿ ರಾಜ, 8, 3. ನಾನು ‘1 ಡೈಮನ್’; ಅವರು ‘1 ಇಸ್ಪೇಟ್’. ಎರಡು ಸಲ ಎಣಿಸಿದೆ. ‘2 ಆಟೀನ್’ ಚೀಟಿಯನ್ನು ತೆಗೆದಿಟ್ಟೆ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಹಾಕಿಕೊಂಡು ಆ ಚೀಟಿಯನ್ನು ನೋಡಿದರು. ಅನಂತರ ‘3 ನೋಟ್ರಂಪ್’ ಇಟ್ಟರು. ಎಲ್ಲರೂ ಪಾಸ್. ಬಲಗಡೆಯವರ ತಪ್ಪನ್ನು ಎಡಗಡೆಯವರು ಕ್ಷಮಿಸುವಂತೆ ನಕ್ಕು ಎದುರಾಳಿ ಮೊದಲ ಎಲೆ ಹಾಕಿದರು. ಅವರಿಗೂ ಹಿಂದಿನ ಭಾನುವಾರ ನೆನಪಿತ್ತೆಂದು ಕಾಣುತ್ತದೆ. ನಾನು ನನ್ನ ಹದಿಮೂರು ಎಲೆಗಳನ್ನು ಮೇಜಿನ ಮೇಲೆ ಬಿಡಿಸಿಟ್ಟೆ. ಮೇಷ್ಟ್ರ ಕಣ್ಣು ಎಡದಿಂದ ಬಲಕ್ಕೆ ಒಮ್ಮೆ ಹರಿಯಿತು. ಧನ್ಯವಾದ ಎಂದರು. ಕೈ ನಿಲ್ಲಲಿಲ್ಲ, ಎಲೆಯನ್ನು ಎತ್ತಿ ಆಡಿದರು.