ಜೆಲ್‌ನೊಳಗೆ ಹೃದಯದ ಕವಾಟ

ಕೂದಲಿಗೆ ಹಚ್ಚುವ ಜೆಲ್‌ನ ಪಾರದರ್ಶಕ ಡಬ್ಬಿಯನ್ನು ಒಂದು ಸಾರಿ ಬೆಳಕಿಗೆ ಹಿಡಿದು ನೋಡಿ. ಒಳಗೆ ಅಲ್ಲಲ್ಲಿ ಗಾಳಿಗುಳ್ಳೆಗಳು ಕಾಣಿಸುತ್ತವೆ. ನೀರಿನಲ್ಲಾದರೆ ಗುಳ್ಳೆ ಸರ್ರನೆ ಮೇಲೆ ಬಂದು ಒಡೆದುಹೋಗುತ್ತದೆ. ಜೆಲ್‌ನಲ್ಲಿ ಮಾತ್ರ ನಿನ್ನೆ ಎಲ್ಲಿತ್ತೋ ಇವತ್ತೂ ಅಲ್ಲೇ. ಮುಚ್ಚಂಡಿಯ ನಮ್ಮ ತರಗತಿಯಲ್ಲಿ ಇದನ್ನು ತೋರಿಸಿದಾಗ ಹಿಂದಿನ ಸಾಲಿನಿಂದ ಪ್ರಶ್ನೆ ಬಂತು: “ಸರ್, ಅದು ಮ್ಯಾಲೆ ಯಾಕ ಬರವಲ್ದು?”

ಬಹಳ ಒಳ್ಳೆಯ ಪ್ರಶ್ನೆ. ಇದಕ್ಕೂ ಮನುಷ್ಯನ ಹೃದಯದ ಕವಾಟಕ್ಕೂ ನಂಟಿದೆ.

ಮೊದಲು ತ್ರೀಡಿ ಪ್ರಿಂಟರ್ ವಿಷಯ ನೋಡೋಣ. ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಗಳಿಗೆ ಹೋದರೆ ಇದನ್ನು ಕಾಣಬಹುದು. ಪ್ಲಾಸ್ಟಿಕ್ ಎಳೆಯನ್ನು ಸುಮಾರು 200 ಡಿಗ್ರಿಗೆ ಕಾಯಿಸಿ ಕರಗಿಸಿ, ಮೆಹಂದಿ ಕೋನಿನಂತೆ ಪದರದ ಮೇಲೆ ಪದರ ಎಳೆಯುತ್ತದೆ. ಗೋಡೆ ನೆಟ್ಟಗೆ ಏಳುವವರೆಗೆ ತೊಂದರೆಯಿಲ್ಲ. ಹೊರಚಾಚಿದ ಕೈಯೋ, ಕಮಾನೋ ಬಂದರೆ ಕಷ್ಟ ಸುರುವಾಗುತ್ತದೆ. ಕೆಳಗೆ ಏನೂ ಇಲ್ಲದಿದ್ದರೆ ಎಳೆ ಜೋತುಬೀಳುತ್ತದೆ. ಮನೆಗೆ ಸ್ಲ್ಯಾಬ್ ಹಾಕುವಾಗ ಗೌಂಡಿಗಳು ಏನು ಮಾಡ್ತಾರೆ? ಸೆಂಟ್ರಿಂಗ್ ಕಟ್ಟುತ್ತಾರೆ, ಕಾಂಕ್ರೀಟ್ ಗಟ್ಟಿಯಾದ ಮೇಲೆ ಬಿಚ್ಚುತ್ತಾರೆ. ಪ್ರಿಂಟರ್ ಕೂಡ ಹಾಗೇ ತೆಳ್ಳಗಿನ ಆಸರೆ ಕಂಬಗಳನ್ನು ಕಟ್ಟಿಕೊಳ್ಳುತ್ತದೆ. ಆಮೇಲೆ ಅವನ್ನು ಮುರಿದು ತೆಗೆಯಬೇಕು.

ಪ್ಲಾಸ್ಟಿಕ್ ಆದರೆ ಮುರಿಯಬಹುದು. ಮುದ್ರಿಸುವ ವಸ್ತುವೇ ಮೊಸರಿನಷ್ಟು ಮೆತ್ತಗಿದ್ದರೆ? ಶರೀರದ ಅಂಗಾಂಶಗಳಿಗೆ ಬೇಕಾಗುವ ಕೊಲಾಜೆನ್‌ನಂಥ ವಸ್ತುಗಳು ಗಾಳಿಯಲ್ಲಿ ತಮ್ಮ ಭಾರಕ್ಕೆ ತಾವೇ ಕುಸಿಯುತ್ತವೆ. ಗಟ್ಟಿ ಆಸರೆ ಕೊಟ್ಟರೂ ಅದನ್ನು ಕೀಳುವಾಗ ಕವಾಟವೇ ಹರಿದು ಬಂದೀತು. ಹೃದಯದ ಕವಾಟ ಕೆಟ್ಟವರು, ಬದಲಿ ಅಂಗಕ್ಕಾಗಿ ದಾನಿಯ ದಾರಿ ಕಾಯುವವರು ನಮ್ಮ ಸುತ್ತಲೂ ಇದ್ದಾರೆ. ಆದ್ದರಿಂದಲೇ ವಿಜ್ಞಾನಿಗಳು ಈ ತೊಡಕನ್ನು ಬಿಡಲಿಲ್ಲ.

ಉತ್ತರ ಜೆಲ್ ಡಬ್ಬಿಯಲ್ಲೇ ಇತ್ತು! ಜೆಲ್ ಪೂರ್ತಿ ದ್ರವವೂ ಅಲ್ಲ, ಪೂರ್ತಿ ಘನವೂ ಅಲ್ಲ. ಒಂದು ಮಿತಿಗಿಂತ ಕಡಿಮೆ ಒತ್ತಿದರೆ ಘನದಂತೆ ಅಲುಗದೆ ನಿಲ್ಲುತ್ತದೆ, ಮಿತಿ ದಾಟಿದರೆ ಹರಿಯುತ್ತದೆ. ಈ ಮಿತಿಗೆ ‘ಯೀಲ್ಡ್ ಸ್ಟ್ರೆಸ್’ ಅಂತಾರೆ. ಸಣ್ಣ ಗುಳ್ಳೆಯ ತಳ್ಳುವಿಕೆ ಆ ಮಿತಿಯನ್ನು ಮುಟ್ಟುವುದಿಲ್ಲ, ಅದಕ್ಕೇ ಅದು ಮೇಲೆ ಬರುವುದಿಲ್ಲ. ಈಗ ಒಂದು ಸೂಜಿಯನ್ನು ಜೆಲ್‌ನೊಳಗೆ ಓಡಿಸಿ. ಸೂಜಿಯ ಸುತ್ತ ಮಾತ್ರ ಜೆಲ್ ಹರಿದು ದಾರಿ ಬಿಡುತ್ತದೆ, ಸೂಜಿ ಮುಂದೆ ಹೋದೊಡನೆ ಹಿಂದೆ ಮುಚ್ಚಿಕೊಳ್ಳುತ್ತದೆ. ಸೂಜಿ ಬಿಟ್ಟುಹೋದ ಮೆತ್ತನೆಯ ಎಳೆ ಆ ಗುಳ್ಳೆಯಂತೆಯೇ ಅಲ್ಲೇ ತೂಗಿ ನಿಲ್ಲುತ್ತದೆ. ಮೇಲೆ, ಕೆಳಗೆ, ಓರೆಯಾಗಿ, ಎತ್ತ ಬೇಕಾದರೂ ಗೆರೆ ಎಳೆಯಬಹುದು.

2015ರಲ್ಲಿ ಅಮೆರಿಕದ ಎರಡು ತಂಡಗಳು ಇದನ್ನು ಮಾಡಿ ತೋರಿಸಿದವು. ಫ್ಲಾರಿಡಾ ವಿಶ್ವವಿದ್ಯಾಲಯದ ಥಾಮಸ್ ಆಂಜೆಲಿನಿ ಅವರ ತಂಡ ಬಳಸಿದ್ದು ಕಾರ್ಬೋಪೋಲ್, ಅಂದರೆ ಹೇರ್ ಜೆಲ್‌ಗೆ ಹಾಕುವ ಕಾರ್ಬೋಮರ್ ಜಾತಿಯ ವಸ್ತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಆಡಂ ಫೈನ್‌ಬರ್ಗ್ ಅವರ ತಂಡ ಜೆಲಟಿನ್ ಹಿಡಿಯಿತು. ಅದನ್ನು ಸಣ್ಣ ಸಣ್ಣ ಕಣಗಳಾಗಿ ಮಾಡಲು ಅವರು ಬಳಸಿದ್ದು ಮನೆಯ ಮಿಕ್ಸರಿನಂಥದೇ ಯಂತ್ರ! ಈ ಜೆಲಟಿನ್ ರಾಡಿಗೆ ಕ್ಯಾಲ್ಸಿಯಂ ಸೇರಿಸಿ, ಅದರೊಳಗೆ ಕಡಲಪಾಚಿಯಿಂದ ತೆಗೆದ ಆಲ್ಜಿನೇಟ್ ಎಂಬ ಅಂಟನ್ನು ಎಳೆದರು. ಕ್ಯಾಲ್ಸಿಯಂ ತಾಗಿದೊಡನೆ ಆಲ್ಜಿನೇಟ್ ಗಟ್ಟಿಯಾಯಿತು. ಆಮೇಲೆ ಎಲ್ಲವನ್ನೂ 37 ಡಿಗ್ರಿಗೆ, ಅಂದರೆ ನಮ್ಮ ಮೈಯಷ್ಟೇ ಬೆಚ್ಚಗೆ ಮಾಡಿದರು. ಜೆಲಟಿನ್ ಕರಗಿ ಹರಿದುಹೋಯಿತು, ಆಕೃತಿ ಉಳಿಯಿತು. ಕೀಳುವುದಿಲ್ಲ, ಮುರಿಯುವುದಿಲ್ಲ. ನನಗೆ ಇಡೀ ಕೆಲಸದಲ್ಲಿ ಬಹಳ ಹಿಡಿಸಿದ್ದು ಈ ಸೆಂಟ್ರಿಂಗ್ ಬಿಚ್ಚುವ ರೀತಿಯೇ.

2019ರಲ್ಲಿ ಫೈನ್‌ಬರ್ಗ್ ತಂಡ ಇದೇ ದಾರಿಯಲ್ಲಿ ಕೊಲಾಜೆನ್‌ನಿಂದ ಹೃದಯದ ಕವಾಟ ಮಾಡಿತು. ಮನುಷ್ಯನ ಹೃದಯಕೋಶಗಳನ್ನು ಸೇರಿಸಿ ಮುದ್ರಿಸಿದ ಪುಟ್ಟ ಹೃತ್ಕುಕ್ಷಿ ಒಟ್ಟಾಗಿ ಮಿಡಿಯಿತು. ಹಾಗಂತ ನಾಳೆಯೇ ಆಸ್ಪತ್ರೆಯಲ್ಲಿ ಹೃದಯ ಮುದ್ರಿಸಿ ಕೊಡ್ತಾರೆ ಅನ್ನಬೇಡಿ. ಇಡೀ ಹೃದಯಕ್ಕೆ ಕೋಟಿ ಕೋಟಿ ಜೀವಕೋಶ ಬೇಕು, ಅವಕ್ಕೆಲ್ಲ ರಕ್ತ ಮುಟ್ಟಿಸುವ ಕೂದಲೆಳೆಗಿಂತ ಸಣ್ಣ ನಾಳಗಳು ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಅಂಗಾಂಶ ಮುದ್ರಣದ ಸಂಶೋಧನೆ ನಡೆದಿದೆ.

ಈಗ ನಿಮ್ಮ ಸರದಿ. ಲೇಬಲ್ ಮೇಲೆ ‘ಕಾರ್ಬೋಮರ್’ ಎಂದಿರುವ ಜೆಲ್ ತಂದು ಅರ್ಧ ಗ್ಲಾಸ್ ತುಂಬಿ. ಬೇರೆ ಚಮಚದಷ್ಟು ಜೆಲ್‌ಗೆ ಎರಡು ಹನಿ ಶಾಯಿ ಕಲಸಿ, ಸೂಜಿ ತೆಗೆದ ಹೊಸ ಸಿರಿಂಜಿಗೆ ತುಂಬಿ. ತುದಿಯನ್ನು ಗ್ಲಾಸಿನ ತಳಕ್ಕೆ ಇಳಿಸಿ, ಮೆಲ್ಲಗೆ ಒತ್ತುತ್ತ ಸುತ್ತಿಸುತ್ತ ಮೇಲಕ್ಕೆ ತನ್ನಿ. ಸ್ಪ್ರಿಂಗಿನಂಥ ಸುರುಳಿ ನಡುವೆಯೇ ನಿಂತಿರುತ್ತದೆ. ಜೆಲ್ ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ.

ಆಮೇಲೆ ಮೇಲಿನಿಂದ ಒಂದು ಚಿಟಿಕೆ ಉಪ್ಪು ಉದುರಿಸಿ ಕಲಕಿ. ಜೆಲ್ ನೀರಾಗುತ್ತದೆ! ಕಾರ್ಬೋಮರ್‌ನ ಉದ್ದನೆಯ ಅಣುಗಳ ಮೇಲೆ ಋಣ ವಿದ್ಯುದಂಶ ಇರುತ್ತದೆ. ಅವು ಒಂದನ್ನೊಂದು ದೂಡುತ್ತ ಉಬ್ಬಿ ನಿಂತಿದ್ದವು, ಉಪ್ಪಿನ ಅಯಾನುಗಳು ಆ ದೂಡಾಟ ತಗ್ಗಿಸಿದಾಗ ಮುದುಡಿಕೊಂಡವು. ಆದರೆ ಸುರುಳಿಯೂ ಕರಗಿಹೋಯಿತಲ್ಲ? ಅದೂ ಅದೇ ಜೆಲ್ಲೇ, ಗಟ್ಟಿಯಾಗಲು ಅದಕ್ಕೆ ಕ್ಯಾಲ್ಸಿಯಂನಂಥ ಜೊತೆಗಾರ ಇರಲಿಲ್ಲ. ಜೆಲ್‌ನೊಳಗೆ ಎಳೆದ ಮೇಲೆ ತಾನಾಗಿ ಗಟ್ಟಿಯಾಗುವ ವಸ್ತು ನಿಮ್ಮ ಮನೆಯಲ್ಲಿ ಯಾವುದಿದೆ? ಹುಡುಕಿ, ಮಾಡಿ ನೋಡಿ, ಕೆಟ್ಟರೂ ಸರಿ, ನಿಮ್ಮ ಸರ್‌ಗೆ ಬರೆದು ಕೊಡಿ.