ದೂರವೂ ಹಾರಾಟದ ಕಾಲವೂ

ನಮ್ಮ ಶಾಲೆಯಲ್ಲಿ ಕಲಿತು ಹೊರಟ ಹೆಣ್ಣುಮಕ್ಕಳು ನಾನಾ ದೇಶಗಳಲ್ಲಿ ನೆಲೆಸಿರುವರು. ಮಗಳನ್ನು ಕಳುಹಿಸುವ ತಾಯಂದಿರು, “ಆ ಊರು ಎಷ್ಟು ದೂರ?” ಎಂದು ನಮ್ಮನ್ನು ಕೇಳುವುದುಂಟು. ಈ ಒಂದು ಮಾತಿನಲ್ಲಿ ಮೂರು ಪ್ರಶ್ನೆಗಳು ಅಡಗಿವೆ: ದಾರಿ ಎಷ್ಟು, ಹೊತ್ತು ಎಷ್ಟು, ಬೇಕಾದಾಗ ತಲಪಬಹುದೇ ಎಂಬುದು. ಇವುಗಳ ಭೇದವನ್ನು ತಿಳಿಯಲು ದಕ್ಷಿಣ ಅಟ್ಲಾಂಟಿಕ್ ಮಹಾಸಾಗರದ ಎರಡು ಒಂಟಿ ದ್ವೀಪಗಳನ್ನು ನೋಡೋಣ. ಒಂದು ಸೇಂಟ್ ಹೆಲೀನಾ. ನೆಪೋಲಿಯನ್ ಚಕ್ರವರ್ತಿಯು ಸೆರೆಯಲ್ಲಿದ್ದು 1821ರಲ್ಲಿ ಪ್ರಾಣಬಿಟ್ಟ ಸ್ಥಳ. ಇನ್ನೊಂದು ಅಸೆನ್ಷನ್; ಇಲ್ಲಿ 1942ರಲ್ಲಿ, ಯುದ್ಧಕಾಲದಲ್ಲಿ, ಅಮೆರಿಕದವರು ವಿಮಾನನಿಲ್ದಾಣವನ್ನು ಕಟ್ಟಿದರು.

ಮೊದಲು ದೂರ. ಭೂಮಿಯು ಗುಂಡಾಗಿರುವುದರಿಂದ ಚಪ್ಪಟೆಯಾದ ನಕ್ಷೆಯ ಮೇಲೆ ಅಳತೆಪಟ್ಟಿಯನ್ನಿಟ್ಟು ದೂರದ ಪ್ರಯಾಣವನ್ನು ಸರಿಯಾಗಿ ಅಳೆಯಲಾಗದು. ಭೂಗೋಳದ ಮೇಲೆ ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಹಿಡಿದರೆ, ಅದು ತಾನಾಗಿಯೇ ಅತಿ ಸಮೀಪದ ದಾರಿಯನ್ನು ತೋರಿಸುವುದು. ಈ ದಾರಿಗೆ ಮಹಾವೃತ್ತವೆಂದು ಹೆಸರು. ಇದರ ಮೇಲೆ ಒಂದು ಅಂಶಕ್ಕೆ ಸುಮಾರು 111 ಕಿಲೋಮೀಟರು. ನಮ್ಮ ಎರಡು ದ್ವೀಪಗಳ ನಡುವಣ ಅಂತರವು ಹನ್ನೆರಡು ಅಂಶಕ್ಕೆ ತುಸು ಕಡಮೆ. ಆದಕಾರಣ ದೂರವು ಸುಮಾರು 1,300 ಕಿಲೋಮೀಟರು.

ಇನ್ನು ಕಾಲ. ಗಂಟೆಗೆ 800 ಕಿಲೋಮೀಟರು ಹಾರುವ ವಿಮಾನಕ್ಕೆ ಈ ದಾರಿಯು ಸುಮಾರು 1 ಗಂಟೆ 38 ನಿಮಿಷ. ಆದರೆ ಗಾಳಿಯೂ ಚಲಿಸುತ್ತಿರುವುದಷ್ಟೆ. ಗಂಟೆಗೆ 100 ಕಿಲೋಮೀಟರಿನ ಗಾಳಿ ಹಿಂದಿನಿಂದ ಬೀಸಿದರೆ 1 ಗಂಟೆ 27 ನಿಮಿಷ ಸಾಕು. ಅದೇ ಗಾಳಿ ಎದುರಾದರೆ 1 ಗಂಟೆ 51 ನಿಮಿಷ ಬೇಕು. ಮೇಲೇರುವಾಗಲೂ ಇಳಿಯುವಾಗಲೂ ವೇಗವು ಕಡಮೆಯಾದುದರಿಂದ, ಸುಮಾರು ಎರಡು ಗಂಟೆಯೆಂದು ಎಣಿಸುವುದು ಲೇಸು.

ಮೂರನೆಯ ಪ್ರಶ್ನೆಯೇ ಕಠಿನ. ಸೇಂಟ್ ಹೆಲೀನಾದವರಿಗೆ ಬಹುಕಾಲ ಹಡಗೇ ಗತಿಯಾಗಿತ್ತು. ಕೇಪ್‌ಟೌನ್ ನಗರದಿಂದ ಅಲ್ಲಿಗೆ ಐದು ದಿನಗಳ ಸಮುದ್ರಯಾನ. ದೊಡ್ಡ ಚಿಕಿತ್ಸೆ ಬೇಕಾದ ರೋಗಿಯೂ ಹಡಗು ಬರುವ ತನಕ ಕಾದು, ಆಮೇಲೆ ಅಷ್ಟು ದಿನ ಪ್ರಯಾಣಮಾಡಬೇಕಾಗಿತ್ತು. ಅಲ್ಲಿ ವಿಮಾನನಿಲ್ದಾಣವು ಸಿದ್ಧವಾದರೂ, ಓಡುದಾರಿಯ ಬಳಿಯಲ್ಲಿ ಗಾಳಿಯು ಥಟ್ಟನೆ ದಿಕ್ಕನ್ನೂ ವೇಗವನ್ನೂ ಬದಲಿಸುವುದೆಂದು 2016ರ ಪರೀಕ್ಷಾ ಹಾರಾಟಗಳಲ್ಲಿ ಕಂಡುಬಂದುದರಿಂದ ಸೇವೆಯು ತಡವಾಯಿತು. 2017ರ ಅಕ್ಟೋಬರ್ 14ರಂದು ಜೋಹಾನ್ಸ್‌ಬರ್ಗಿನಿಂದ ನಿಯತ ವಿಮಾನ ಬಂದಿತು. ಸುತ್ತಮುತ್ತ ಬೇರೆ ನಿಲ್ದಾಣವಿಲ್ಲದುದರಿಂದ, ಇಳಿಯಲಾಗದಿದ್ದರೆ ದೂರ ಹಿಂದಿರುಗುವುದಕ್ಕೆ ಬೇಕಾದ ಇಂಧನವನ್ನೂ ಇಂಥ ವಿಮಾನಗಳು ಹೊತ್ತಿರಬೇಕು.

ಆ ವರ್ಷದ ನವೆಂಬರಿನಲ್ಲಿ ಅಸೆನ್ಷನ್‌ಗೂ ವಿಮಾನ ಹೋಗತೊಡಗಿತು. ಆದರೆ ತಿಂಗಳಿಗೆ ಒಂದೇ ಬಾರಿ. ಹಾರಾಟವು ಎರಡು ಗಂಟೆಯದು. ಅದು ತಪ್ಪಿದವರಿಗೆ ಕಾಯುವಿಕೆಯು ಒಂದು ತಿಂಗಳಿನದು. ಇದಕ್ಕಿಂತ ಎಷ್ಟೋ ಪಾಲು ದೂರವಿರುವ ಲಂಡನ್ನಿಗೆ ಬೆಂಗಳೂರಿನಿಂದ ಹೊರಡುವವರಿಗೆ ಇಂಥ ಕಾಯುವಿಕೆಯಿಲ್ಲ.

ಆದುದರಿಂದ ಪೋಷಕರಲ್ಲಿ ನಮ್ಮ ವಿನಂತಿ ಇದು: ಮಗಳು ಹೋಗುವ ಊರಿನ ದೂರವನ್ನು ಮಾತ್ರ ಕೇಳಿ ಅಂಜಬೇಡಿರಿ, ಹಾರಾಟದ ಹೊತ್ತನ್ನು ಮಾತ್ರ ಕೇಳಿ ನಿಶ್ಚಿಂತರೂ ಆಗಬೇಡಿರಿ. ವಾರಕ್ಕೆ ಎಷ್ಟು ವಿಮಾನಗಳುಂಟು, ನಿಲ್ದಾಣದಿಂದ ಮನೆಗೆ ದಾರಿ ಯಾವುದು, ಆಸ್ಪತ್ರೆ ಎಲ್ಲಿದೆ ಎಂಬುದನ್ನೂ ವಿಚಾರಿಸಿರಿ. ದೂರದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಈ ಸಂಗತಿಗಳನ್ನು ತಾವಾಗಿಯೇ ಮನೆಗೆ ಬರೆದು ತಿಳಿಸಿದರೆ, ತಾಯ್ತಂದೆಗಳ ಎಷ್ಟೋ ರಾತ್ರಿಗಳ ಚಿಂತೆ ತಪ್ಪುವುದು. ಅವರೆಲ್ಲರನ್ನೂ ದೇವರು ಕಾಪಾಡಲಿ.