ಇಪ್ಪತ್ತಾರು ದಿನಗಳ ಕಾದಂಬರಿ

ಒಂದೇ ತಿಂಗಳಲ್ಲಿ ಕಾದಂಬರಿ ಬರೆದು ಮುಗಿಸಲು ಸಾಧ್ಯವೇ? ಹತ್ತು ಪುಟ ಬರೆದು ಮುಂದೆ ದಾರಿ ಕಾಣದೆ ನಿಂತವರಿಗೆ ಇದು ಹಗಲುಗನಸು ಎನಿಸೀತು. ವರ್ಷಗಟ್ಟಲೆ ಒಂದು ಕೃತಿಯನ್ನು ತಿದ್ದಿ ತೀಡುವ ಲೇಖಕರಿಗೆ ಬರೀ ಸರ್ಕಸ್ಸಿನಂತೆ ಕಂಡೀತು. ಆದರೆ ಜಗತ್ತಿನ ಮಹಾ ಕಾದಂಬರಿಕಾರರಲ್ಲೊಬ್ಬನಾದ ರಷ್ಯಾದ ದಾಸ್ತೊವ್‌ಸ್ಕಿ 1866ರ ಅಕ್ಟೋಬರ್ ತಿಂಗಳಲ್ಲಿ ಈ ಸಾಹಸವನ್ನು ಮಾಡಿಯೇ ತೋರಿಸಿದ. ಪಂತಕ್ಕಾಗಿ ಅಲ್ಲ, ಆತನಿಗೆ ಬೇರೆ ದಾರಿಯೇ ಇರಲಿಲ್ಲ.

1864 ಅವನ ಪಾಲಿಗೆ ಕರಾಳ ವರ್ಷ. ಏಪ್ರಿಲ್‌ನಲ್ಲಿ ಹೆಂಡತಿ ಮಾರಿಯಾ ಕ್ಷಯದಿಂದ ತೀರಿಕೊಂಡಳು. ಜುಲೈನಲ್ಲಿ ಅಣ್ಣ ಮಿಖಾಯಿಲ್ ಸತ್ತ. ಅಣ್ಣ ತಮ್ಮ ಸೇರಿ ನಡೆಸುತ್ತಿದ್ದ ‘ಎಪೊಖಾ’ ಪತ್ರಿಕೆ ಮರುವರ್ಷ ನಿಂತುಹೋಯಿತು. ಅಣ್ಣನ ಸಾಲ, ಅಣ್ಣನ ಸಂಸಾರ ಎರಡೂ ತಮ್ಮನ ಹೆಗಲೇರಿದವು. ಸಾಲ ಕೊಟ್ಟವರು ಸೆರೆಮನೆಗೆ ಹಾಕಿಸುವುದಾಗಿ ಬೆದರಿಸುತ್ತಿದ್ದರು.

ಈ ಸಮಯ ನೋಡಿ ಸ್ಟೆಲ್ಲೊವ್‌ಸ್ಕಿ ಎಂಬ ಪ್ರಕಾಶಕ 1865ರಲ್ಲಿ 3,000 ರೂಬಲ್‌ಗಳ ಆಮಿಷ ಒಡ್ಡಿದ. ಅದಕ್ಕೆ ಪ್ರತಿಯಾಗಿ ದಾಸ್ತೊವ್‌ಸ್ಕಿ ಆವರೆಗೆ ಬರೆದುದೆಲ್ಲವನ್ನೂ ಒಟ್ಟಾಗಿ ಅಚ್ಚು ಹಾಕುವ ಹಕ್ಕನ್ನು ಕೊಡಬೇಕು; ಜೊತೆಗೆ 1866ರ ನವೆಂಬರ್ 1ರೊಳಗೆ ಒಂದು ಹೊಸ ಕಾದಂಬರಿಯನ್ನೂ ಬರೆದುಕೊಡಬೇಕು. ಮಾತು ತಪ್ಪಿದರೆ, ಮುಂದಿನ ಒಂಬತ್ತು ವರ್ಷ ದಾಸ್ತೊವ್‌ಸ್ಕಿ ಏನೇ ಬರೆದರೂ ಬಿಡಿಗಾಸು ಕೊಡದೆ ಅದನ್ನು ಅಚ್ಚು ಮಾಡಿಕೊಳ್ಳುವ ಅಧಿಕಾರ ಪ್ರಕಾಶಕನಿಗೆ. ಲೇಖನಿಯೊಂದೇ ಜೀವನಾಧಾರವಾಗಿದ್ದವನಿಗೆ ಇದು ಜೀತಪತ್ರಕ್ಕೆ ಸಮಾನ. ಆದರೂ ಆತ ಸಹಿ ಹಾಕಿದ.

ಒಂದು ವರ್ಷ ಕಣ್ಣೆದುರೇ ಕರಗಿತು. ಆಗ ಆತನ ಮನಸ್ಸನ್ನೆಲ್ಲ ಆವರಿಸಿದ್ದುದು ‘ಅಪರಾಧ ಮತ್ತು ಶಿಕ್ಷೆ’. 1866ರ ಜನವರಿಯಿಂದ ಅದು ಮಾಸಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬರುತ್ತಿತ್ತು. ಕಂತು ತಪ್ಪಿಸುವಂತಿರಲಿಲ್ಲ. ಅಕ್ಟೋಬರ್ ಬಂದಾಗ ಸ್ಟೆಲ್ಲೊವ್‌ಸ್ಕಿಗೆ ಕೊಡಬೇಕಾದ ಕಾದಂಬರಿಯ ಒಂದು ಪುಟವೂ ಸಿದ್ಧವಿರಲಿಲ್ಲ.

ಗೆಳೆಯ ಮಿಲ್ಯುಕೋವ್ ಒಂದು ಉಪಾಯ ಹೇಳಿದ. ಕಥೆಯ ಹಂದರವನ್ನು ತಿಳಿಸಿದರೆ ಸ್ನೇಹಿತರೆಲ್ಲ ಅಧ್ಯಾಯಗಳನ್ನು ಹಂಚಿಕೊಂಡು ಬರೆಯುವುದು, ದಾಸ್ತೊವ್‌ಸ್ಕಿ ಕೊನೆಯಲ್ಲಿ ಎಲ್ಲವನ್ನೂ ಹೊಂದಿಸುವುದು. ಮುಳುಗುತ್ತಿರುವವನಿಗೆ ಸಿಕ್ಕ ಹುಲ್ಲುಕಡ್ಡಿ ಇದು. ಆದರೆ ಇನ್ನೊಬ್ಬರು ಬರೆದುದಕ್ಕೆ ತನ್ನ ಹೆಸರು ಹಾಕಲಾರೆ ಎಂದು ಆತ ನಿರಾಕರಿಸಿದ. ಹಾಗಾದರೆ ಶೀಘ್ರಲಿಪಿ ಬಲ್ಲವರನ್ನಾದರೂ ಇಟ್ಟುಕೋ ಎಂದ ಮಿಲ್ಯುಕೋವ್. ರಷ್ಯಾದಲ್ಲಿ ಶೀಘ್ರಲಿಪಿ ಆಗಿನ್ನೂ ಹೊಸ ವಿದ್ಯೆ. ಅದನ್ನು ಕಲಿಸುತ್ತಿದ್ದ ಓಲ್ಖಿನ್ ತನ್ನ ಉತ್ತಮ ವಿದ್ಯಾರ್ಥಿನಿಯನ್ನು ಕಳುಹಿಸಿಕೊಟ್ಟ. ಆಕೆಯೇ ಅನ್ನಾ ಗ್ರಿಗೊರ್ಯೆವ್ನಾ ಸ್ನಿತ್ಕಿನಾ. ವಯಸ್ಸು ಇಪ್ಪತ್ತು. ಇಡೀ ಕೆಲಸಕ್ಕೆ ಸಂಭಾವನೆ 50 ರೂಬಲ್.

ಅಕ್ಟೋಬರ್ 4ರಂದು ಆಕೆ ಪೀಟರ್ಸ್‌ಬರ್ಗಿನ ಆತನ ಬಾಡಿಗೆ ಮನೆಗೆ ಬಂದಳು. (ಈ ತಾರೀಖುಗಳು ಆಗ ರಷ್ಯಾದಲ್ಲಿ ಬಳಕೆಯಲ್ಲಿದ್ದ ಹಳೆಯ ಪದ್ಧತಿಯವು, ನಮ್ಮ ಕ್ಯಾಲೆಂಡರಿಗಿಂತ 12 ದಿನ ಹಿಂದೆ.) ಮೊದಲ ಭೇಟಿ ಅಷ್ಟೇನೂ ಹಿತವಾಗಿರಲಿಲ್ಲ. ಹೇಳಿ ಬರೆಸುವುದು ದಾಸ್ತೊವ್‌ಸ್ಕಿಗೆ ಹೊಸದು. ಆತ ಸಿಡುಕುತ್ತಿದ್ದ, ಆಕೆಯ ಹೆಸರನ್ನೇ ಮತ್ತೆ ಮತ್ತೆ ಮರೆಯುತ್ತಿದ್ದ. ಕೆಲವೇ ದಿನಗಳಲ್ಲಿ ಕೆಲಸಕ್ಕೊಂದು ಕ್ರಮ ಬಂತು. ರಾತ್ರಿ ಆತ ಟಿಪ್ಪಣಿ ಮಾಡಿಕೊಳ್ಳುವುದು. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ, ನಡುನಡುವೆ ವಿರಾಮ ಕೊಟ್ಟು, ಹೇಳಿ ಬರೆಸುವುದು. ಆಕೆ ಮನೆಗೆ ಹೋಗಿ ಅದನ್ನು ಬಿಡಿಸಿ ಶುದ್ಧಪ್ರತಿ ಮಾಡಿ ಮರುದಿನ ತರುವುದು. ಆತ ಅದನ್ನು ತಿದ್ದುವುದು. ಹನಿಗೂಡಿ ಹಳ್ಳವಾಗುವಂತೆ ಪುಟಗಳು ಬೆಳೆದವು. ಎಷ್ಟು ಪುಟವಾಯಿತು, ಗಡುವಿಗೆ ಮುಗಿದೀತೇ ಎಂದು ಆತ ಆಗಾಗ ವಿಚಾರಿಸುತ್ತಿದ್ದನೆಂದೂ, ಪುಟ ಹೆಚ್ಚಿದಂತೆಲ್ಲ ಗೆಲುವಾಗುತ್ತಿದ್ದನೆಂದೂ ಅನ್ನಾ ತನ್ನ ನೆನಪುಗಳಲ್ಲಿ ಬರೆದಿದ್ದಾಳೆ.

ಹೀಗೆ ಹುಟ್ಟಿದ ಕೃತಿ ‘ಜೂಜುಕೋರ’. ಜರ್ಮನಿಯ ಕಲ್ಪಿತ ಊರೊಂದರ ಜೂಜುಕಟ್ಟೆ. ಅಲ್ಲಿ ಬೀಡುಬಿಟ್ಟ ರಷ್ಯನ್ ಜನರಲ್‌ನ ಕುಟುಂಬ. ಅಲ್ಲಿನ ಮಕ್ಕಳಿಗೆ ಪಾಠ ಹೇಳುವ ತರುಣ ಅಲೆಕ್ಸಿ. ಯಾವ ಮುದುಕಿ ಸತ್ತರೆ ಆಸ್ತಿ ಕೈಗೆ ಬರುವುದೆಂದು ಎಲ್ಲರೂ ಕಾಯುತ್ತಿದ್ದರೋ ಆಕೆಯೇ ಜೀವಂತವಾಗಿ ಬಂದಿಳಿದು ರೂಲೆಟ್ ಮೇಜಿನ ಮೇಲೆ ಹಣ ಸುರಿಯುವ ಪ್ರಸಂಗವನ್ನು ಓದಿದವರು ಮರೆಯಲಾರರು.

ಬರೆದದ್ದು 26 ದಿನಗಳಲ್ಲಿ, ಸರಿ. ಆದರೆ ಬೀಜ ಬಿದ್ದದ್ದು ಯಾವಾಗ? 1863ರ ಸೆಪ್ಟೆಂಬರಿನಲ್ಲೇ, ರೋಮ್‌ನಿಂದ ಸ್ತ್ರಾಖೋವ್ ಎಂಬ ಮಿತ್ರನಿಗೆ ಬರೆದ ಪತ್ರದಲ್ಲಿ, ತನ್ನ ಶಕ್ತಿಯನ್ನೆಲ್ಲ ರೂಲೆಟ್ಟಿಗೆ ಸುರಿದ ರಷ್ಯನ್ನನ ಕಥೆಯನ್ನು ದಾಸ್ತೊವ್‌ಸ್ಕಿ ವಿವರಿಸಿದ್ದ. ಆ ಚಟ ಸ್ವತಃ ಆತನದೇ. 1865ರಲ್ಲಿ ವೀಸ್‌ಬಾಡೆನ್‌ನ ಜೂಜುಕಟ್ಟೆಯಲ್ಲಿ ಕೈಯಲ್ಲಿದ್ದುದನ್ನೆಲ್ಲ ಸೋತು ಹೋಟೆಲಿನ ಬಾಕಿ ತೀರಿಸಲೂ ಪರದಾಡಿದ್ದ. ಮೂರು ವರ್ಷ ಮನಸ್ಸಿನಲ್ಲಿ ಕುದ್ದ ಅನುಭವ ಅಕ್ಟೋಬರಿನಲ್ಲಿ ಉಕ್ಕಿ ಹರಿಯಿತು, ಅಷ್ಟೇ. ಗಡುವು ಒಲೆಯ ಉರಿಯನ್ನು ಹೆಚ್ಚಿಸಬಲ್ಲದು. ಪಾತ್ರೆಯೊಳಗೆ ಅಕ್ಕಿ ಮೊದಲೇ ಇರಬೇಕು.

ಅಕ್ಟೋಬರ್ 29ರಂದು ಕೊನೆಯ ಭಾಗವನ್ನು ಹೇಳಿ ಬರೆಸಿದ್ದಾಯಿತು. ಮರುದಿನ ಆತನಿಗೆ 45 ತುಂಬಿತು. ನವೆಂಬರ್ 1ರಂದು ಹಸ್ತಪ್ರತಿ ಹಿಡಿದು ಹೋದರೆ ಸ್ಟೆಲ್ಲೊವ್‌ಸ್ಕಿ ಊರಲ್ಲಿಲ್ಲ! ಕಚೇರಿಯ ವ್ಯವಸ್ಥಾಪಕ ತನಗೆ ಅಧಿಕಾರವಿಲ್ಲವೆಂದು ಕೈಯಾಡಿಸಿಬಿಟ್ಟ. ಇಂಥದ್ದು ನಡೆದೀತೆಂದು ಅನ್ನಾಳ ತಾಯಿ ಮೊದಲೇ ವಕೀಲರನ್ನು ಕೇಳಿಟ್ಟಿದ್ದರು. ಅವರ ಸಲಹೆಯಂತೆ ದಾಸ್ತೊವ್‌ಸ್ಕಿ ಪೊಲೀಸ್ ಠಾಣೆಗೆ ಹೋಗಿ, ರಾತ್ರಿ ಹತ್ತರ ಹೊತ್ತಿಗೆ ಹಸ್ತಪ್ರತಿಯನ್ನು ಒಪ್ಪಿಸಿ ರಸೀದಿ ಪಡೆದ. ಎರಡು ಗಂಟೆ ತಡವಾಗಿದ್ದರೆ ಆತ ಗಡುವು ಮೀರಿದವನಾಗುತ್ತಿದ್ದ. ವಾರದ ಬಳಿಕ ಅನ್ನಾಳನ್ನು ಮದುವೆಗೆ ಕೇಳಿದ. 1867ರ ಫೆಬ್ರವರಿಯಲ್ಲಿ ಮದುವೆಯಾಯಿತು. ಈ ದಿನಗಳನ್ನೇ ವಸ್ತುವಾಗಿಸಿ ಪೆರುಂಬಡವಂ ಶ್ರೀಧರನ್ 1993ರಲ್ಲಿ ಪ್ರಕಟಿಸಿದ ‘ಒರು ಸಂಕೀರ್ತನಂ ಪೋಲೆ’ ಮಲಯಾಳಂನ ಅತ್ಯಂತ ಜನಪ್ರಿಯ ಕಾದಂಬರಿಗಳಲ್ಲೊಂದು.

ದಾಸ್ತೊವ್‌ಸ್ಕಿಯ ಕೊರಳಿಗೆ ಉರುಳಾಗಿದ್ದ ಒಂದು ತಿಂಗಳ ಗಡುವನ್ನು ನಮ್ಮ ಕಾಲದಲ್ಲಿ ಜನ ತಾವಾಗಿಯೇ ಹಾಕಿಕೊಂಡರು. ಅಮೆರಿಕದ ಕ್ರಿಸ್ ಬೇಟಿ 1999ರಲ್ಲಿ 21 ಮಂದಿಯ ಗುಂಪಿನೊಂದಿಗೆ ‘ನ್ಯಾನೋರೈಮೋ’ ಎಂಬ ಕಾದಂಬರಿ ಮಾಸವನ್ನು ಆರಂಭಿಸಿದ. ಮರುವರ್ಷದಿಂದ ಅದಕ್ಕೆ ನವೆಂಬರ್ ತಿಂಗಳು ಗೊತ್ತಾಯಿತು. 30 ದಿನಗಳಲ್ಲಿ 50,000 ಪದ, ದಿನಕ್ಕೆ 1,667. ಬಹುಮಾನವಿಲ್ಲ, ತೀರ್ಪುಗಾರರಿಲ್ಲ. ತಪ್ಪು ಒಪ್ಪು ನೋಡದೆ ಮೊದಲ ಕರಡನ್ನು ಮುಗಿಸುವುದೇ ಗುರಿ. ಜಗತ್ತಿನಾದ್ಯಂತ ಲಕ್ಷಾಂತರ ಮಂದಿ ಇದರಲ್ಲಿ ಭಾಗವಹಿಸಿದರು. 2011ರಲ್ಲಿ ಹೊರಬಂದ ಎರಿನ್ ಮಾರ್ಗನ್‌ಸ್ಟರ್ನ್ ಅವರ ‘ದಿ ನೈಟ್ ಸರ್ಕಸ್’ ಮೊಳಕೆಯೊಡೆದದ್ದು ಇಂಥ ನವೆಂಬರಿನಲ್ಲೇ. ಪುಸ್ತಕವಾಗುವ ಮುನ್ನ ಅದು ವರ್ಷಗಳ ತಿದ್ದುಪಡಿಯನ್ನು ಕಂಡಿತು.

2024ರಲ್ಲಿ ಈ ಸಂಸ್ಥೆ, ಬರವಣಿಗೆಗೆ ಕೃತಕ ಬುದ್ಧಿಮತ್ತೆ ಬಳಸುವುದನ್ನು ಸಾರಾಸಗಟಾಗಿ ಖಂಡಿಸಲು ಒಪ್ಪಲಿಲ್ಲ. ಲೇಖಕರು ಸಿಡಿದೆದ್ದರು, ಅದರ ಮಂಡಳಿಗಳಲ್ಲಿದ್ದ ಕೆಲವರು ಹೊರನಡೆದರು. ಹಣದ ಮುಗ್ಗಟ್ಟೂ ಸೇರಿ, 2025ರ ಮಾರ್ಚ್‌ನಲ್ಲಿ ಸಂಸ್ಥೆ ಬಾಗಿಲು ಹಾಕುವುದಾಗಿ ಪ್ರಕಟಿಸಿತು. ಮಿಲ್ಯುಕೋವ್ ಅಂದು ಮುಂದಿಟ್ಟಿದ್ದ ಪ್ರಶ್ನೆಯೇ ಇನ್ನೊಂದು ವೇಷದಲ್ಲಿ ಬಂದಿತ್ತು. ಪುಟ ತುಂಬುವುದಷ್ಟೇ ಮುಖ್ಯವಾದರೆ ಅದನ್ನು ಯಾರು ಬರೆದರೇನು? ತಿಂಗಳ ಶ್ರಮದಿಂದ ಬರೆಯುವವನಿಗೆ ದಕ್ಕುವುದು ಪುಟಗಳಷ್ಟೇ ಅಲ್ಲ. ದಿನವೂ ಕುಳಿತು ತನ್ನೊಳಗಿನದನ್ನು ಹೊರತೆಗೆಯುವ ಅಭ್ಯಾಸವೂ ದಕ್ಕುತ್ತದೆ. ಅದನ್ನು ಮತ್ತೊಬ್ಬರಿಗೆ ವಹಿಸಿಕೊಡಲು ಬರುವುದಿಲ್ಲ.

ದಾಸ್ತೊವ್‌ಸ್ಕಿ ಆ ಅಕ್ಟೋಬರಿನಲ್ಲಿ ಕಲಿತ ಕ್ರಮವನ್ನು ಕೊನೆಯವರೆಗೂ ಬಿಡಲಿಲ್ಲ. ಕೊನೆಯ ಕಾದಂಬರಿ ‘ಕರಮಜೋವ್ ಸಹೋದರರು’ ಬರೆಯುವಾಗಲೂ ರಾತ್ರಿಯ ಟಿಪ್ಪಣಿ, ಹಗಲಿನ ಉಕ್ತಲೇಖನ, ಅನ್ನಾಳ ಶುದ್ಧಪ್ರತಿ. ಆದರೆ ಅದನ್ನು ಮುಗಿಸಲು ಆತ ಎರಡು ವರ್ಷಕ್ಕೂ ಹೆಚ್ಚು ಕಾಲ ತೆಗೆದುಕೊಂಡ.